ನಾಲ್ಕು ಸೆಕೆಂಡಿನ ಸಮ್ಮತಿ

ರೇಷ್ಮೆ ಮೊಟ್ಟೆ ತಯಾರಿಸುತ್ತಿದ್ದ ಹಳೆಯ ಬಿತ್ತನೆ ಕೋಠಿಯ ಉದ್ದನೆಯ ಹಜಾರದಲ್ಲಿ ಈಗ ಚಿಟ್ಟೆಗಳಿಲ್ಲ. ಆದರೂ ಹೊಂಬಾಳಮ್ಮ ದಿನಾ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಕಾಲದ್ದಿಯೇ ಒಳಗೆ ಹೋಗುತ್ತಿದ್ದಳು. ಆ ತಟ್ಟೆ ಈಗ ಯಾತಕ್ಕೂ ಬೇಕಿರಲಿಲ್ಲ. ಆದರೆ ಅಲ್ಲಿಗೆ ಬರುವ ಹೆಂಗಸರಿಗೆಲ್ಲ ಒಣಗಾಲಲ್ಲಿ ಹೊಸಿಲು ದಾಟಿದರೆ ಏನೋ ತಪ್ಪು ಮಾಡಿದ ಹಾಗನಿಸುತ್ತಿತ್ತು. ಹಾಗಾಗಿ ಅದನ್ನು ಯಾರೂ ತೆಗೆಸಿರಲಿಲ್ಲ.

ಇಪ್ಪತ್ತಮೂರು ವರ್ಷ ಹೊಂಬಾಳಮ್ಮ ಅಲ್ಲಿ ಮಾಡಿದ್ದು ಒಂದೇ ಕೆಲಸ. ಮೊಟ್ಟೆಯಿಟ್ಟು ಮುಗಿಸಿದ ರೇಷ್ಮೆ ಚಿಟ್ಟೆಯನ್ನು ಅರೆದು, ಅದರ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ತಾಯಿಚಿಟ್ಟೆಗೆ ಗಂಟುರೋಗವಿದ್ದರೆ ಅದರ ಕಣಗಳು ಅಕ್ಕಿನುಚ್ಚಿನ ಹಾಗೆ ಮಿನುಗುತ್ತವೆ. ಒಂದೇ ಒಂದು ಕಣ ಕಂಡರೂ ಆ ತಂಡದ ಮೊಟ್ಟೆಯೆಲ್ಲ ಬೆಂಕಿಗೆ. ಅದರಲ್ಲಿ ದಯೆ ದಾಕ್ಷಿಣ್ಯ ಇಲ್ಲ. ಅವಳು ಸುಡಿಸಿದ್ದು ಎಷ್ಟೋ, ಉಳಿಸಿದ್ದು ಎಷ್ಟೋ. ಸುತ್ತಲ ನಲವತ್ತು ಹಳ್ಳಿಯಲ್ಲಿ ಹುಳು ಸಾಕುವವರು ಅವಳ ಕಣ್ಣನ್ನು ನಂಬಿ ಮೊಟ್ಟೆ ಒಯ್ಯುತ್ತಿದ್ದರು.

ಆಮೇಲೆ ಯಂತ್ರ ಬಂತು. ಚಿಟ್ಟೆಯನ್ನು ತಾನೇ ಅರೆದು, ತಾನೇ ನೋಡಿ, ತಾನೇ ತೀರ್ಪು ಹೇಳುವ ಯಂತ್ರ. ಅದರ ಹಿಂದೆಯೇ ಅದರ ದೊಡ್ಡಣ್ಣನಂಥ ಇನ್ನೊಂದು ಬಂದು ಪಂಚಾಯಿತಿಗೊಂದರಂತೆ ಕೂತಿತು. ಜನ ಅದನ್ನು ಸೂಜಿಪೆಟ್ಟಿಗೆ ಎಂದರು. ಎದೆಯಲ್ಲಿ ಗಂಟು ಕಂಡ ಹೆಂಗಸು ಪರದೆಯ ಹಿಂದೆ ಹೋಗಿ ಆ ಪೆಟ್ಟಿಗೆಯ ಬಟ್ಟಲಿಗೆ ಎದೆ ಆನಿಸಿದರೆ ಸಾಕು. ಪೆಟ್ಟಿಗೆ ಶಬ್ದದ ಅಲೆಯಿಂದ ಗಂಟಿನ ಆಕಾರ ಹಿಡಿದು, ಕೂದಲಿನಷ್ಟು ಸಣ್ಣ ಸೂಜಿಯಿಂದ ಒಂದಿಷ್ಟು ಜೀವಕೋಶ ತೆಗೆದು, ಗಾಜಿಗೆ ಸವರಿ, ಬಣ್ಣ ಹಾಕಿ, ಚಿತ್ರ ತೆಗೆದು, ಇದು ಇಂಥದ್ದು ಎಂದು ಹೇಳುತ್ತಿತ್ತು. ಗಂಡಸು ಡಾಕ್ಟರ ಮುಂದೆ ಸೆರಗು ಸರಿಸಬೇಕಾಗಿಲ್ಲ ಎಂಬುದೇ ಹೆಂಗಸರಿಗೆ ದೊಡ್ಡ ಸಮಾಧಾನ.

ಆದರೆ ಯಂತ್ರ ಹೇಳಿದ್ದೇ ಕೊನೆ ಮಾತಾಗಬಾರದು, ಒಬ್ಬ ಮನುಷ್ಯನಾದರೂ ಕಣ್ಣಿಟ್ಟು ನೋಡಿರಬೇಕು ಎಂದು ಕಾನೂನು ಆಯಿತು. ಅದಕ್ಕೆ ಬೇಕಾದಷ್ಟು ಡಾಕ್ಟರುಗಳಿರಲಿಲ್ಲ. ಗಾಜಿನ ಮೇಲಿನ ಚುಕ್ಕೆ ನೋಡಿ ನೋಡಿ ಪಳಗಿದ ಕೋಠಿಯ ಹೆಂಗಸರು ಮಾತ್ರ ಕೆಲಸವಿಲ್ಲದೆ ಕೂತಿದ್ದರು. ಆರು ತಿಂಗಳು ಕಲಿಸಿ ಅವರನ್ನೇ 'ಎರಡನೇ ಕಣ್ಣು' ಮಾಡಿದರು. ರೋಗಿಯ ಹೆಸರು ಇಲ್ಲ, ಊರು ಇಲ್ಲ. ಪರದೆಯ ಮೇಲೆ ಒಂದು ಚಿತ್ರ, ಕೆಳಗೆ ಯಂತ್ರದ ಮಾತು, ಅದರ ಕೆಳಗೆ ಎರಡು ಗುಂಡಿ. ಸಮ್ಮತಿ, ಅನುಮಾನ. ಹೊಂಬಾಳಮ್ಮನ ಆಸನ ಹದಿನೇಳನೆಯದು.

ಅನುಮಾನ ಒತ್ತಬಾರದೆಂದು ಯಾರೂ ಹೇಳಿರಲಿಲ್ಲ. ಒತ್ತಿದರೆ ಕಾರಣ ಬರೆಯಬೇಕು, ಜಿಲ್ಲಾಸ್ಪತ್ರೆಯಿಂದ 'ತಲುಪಿತು' ಎಂದು ಉತ್ತರ ಬರುವ ತನಕ ಏಳುವಂತಿಲ್ಲ, ಅಷ್ಟೇ. ಮೊದಲ ವರ್ಷ ಎಲ್ಲರೂ ಒತ್ತಿದರು. ಪ್ರತಿ ಸಲವೂ ಯಂತ್ರವೇ ಸರಿ ಎಂದು ಬಂತು. ಎರಡನೆಯ ವರ್ಷಕ್ಕೆ ಬೆರಳುಗಳು ಎಡಗಡೆಯ ಸಮ್ಮತಿಯ ಗುಂಡಿಗೇ ಒಗ್ಗಿಹೋದವು.

ಆ ಸೋಮವಾರ ಹೊಂಬಾಳಮ್ಮನ ಮನೆಯಲ್ಲಿ ಹುಳು ಮೂರನೆಯ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ. ಹುಳು ತಿನ್ನುವುದು ಬಿಟ್ಟು, ತಲೆಯೆತ್ತಿ ಕೂತು, ಹಳೆಯ ಚರ್ಮ ಕಳಚುವ ಕಾಲ. ಎದ್ದ ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ನಾಲ್ಕು ಗಂಟೆಗೆ ಸೊಪ್ಪು, ಮೂರೂವರೆಗೆ ಬಸ್ಸು. ಮೂರು ಇಪ್ಪತ್ತಕ್ಕೆ ಅವಳ ಮುಂದೆ ಕೊನೆಯ ಚಿತ್ರ ಬಂತು.

ಪಕ್ಕದ ಆಸನದ ಯಶೋದಮ್ಮ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು. "ಏನಮ್ಮಿ, ಅಷ್ಟೊಂದು ಅವಸರ? ಹುಳ ಕಾಯ್ತಾವೋ, ಗಂಡ ಕಾಯ್ತಾನೋ?"

"ಹುಳ ಕಣೆ. ಗಂಡನ್ನ ಒಂದೊತ್ತು ಉಪಾಸ ಕೆಡವುದ್ರೂ ಸಾಯಕ್ಕಿಲ್ಲ" ಎಂದು ನಗುತ್ತಲೇ ಹೊಂಬಾಳಮ್ಮ ಪರದೆ ನೋಡಿದಳು. ಯಂತ್ರ ಕ್ಯಾನ್ಸರ್ ಎಂದಿತ್ತು. ನೂರಕ್ಕೆ ತೊಂಬತ್ತಾರು ಪಾಲು. ಚಿತ್ರದ ತುಂಬ ಗುಲಾಬಿ ಬಣ್ಣದ ಪುಡಿಪುಡಿ. ಯಾರೋ ರಾಗಿಹಿಟ್ಟಿಗೆ ಕುಂಕುಮ ಬೆರೆಸಿ ಚೆಲ್ಲಿದ ಹಾಗೆ. ಇದೇನು ಹೊಸ ಥರ ಎಂದು ಮನಸ್ಸಿನ ಮೂಲೆಯಲ್ಲಿ ಏನೋ ಮಿಸುಕಿತು. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಅವಳು ಸಮ್ಮತಿ ಒತ್ತಿ ಎದ್ದಳು.

ಮಾರನೆಯ ಬೆಳಿಗ್ಗೆ ಹುಳುಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಾಗ ಅವಳ ವಾರಗಿತ್ತಿ ಚಿಕ್ಕತಾಯಿ ಸೊಪ್ಪಿನ ಕುಕ್ಕೆ ಹೊತ್ತು ಬಾಗಿಲಿಗೆ ಬಂದಳು. ಮೈದುನ ಬೋರಲಿಂಗನ ಹೆಂಡತಿ. ಮನೆ ಬೇರೆ ಬೇರೆಯಾದರೂ ಹುಳುಮನೆ ಒಂದೇ. ಇಪ್ಪತ್ತು ವರ್ಷದಿಂದ ಇಬ್ಬರೂ ಅಲ್ಲಿ ಎದುರುಬದುರು ನಿಂತು ಸೊಪ್ಪು ಹಾಕಿದವರು.

"ಅಕ್ಕಾ, ಪೆಟ್ಟಿಗೆಯೋರು ಫೋನ್ ಮಾಡಿದ್ರು" ಎಂದಳು ಚಿಕ್ಕತಾಯಿ. ಬೋರಲಿಂಗ ಹಿಂದೆ ನಿಂತಿದ್ದ. "ಅದೇ ಅಂತೆ. ಜಿಲ್ಲೆಗೆ ಬರ್ಬೇಕಂತೆ."

ಹೊಂಬಾಳಮ್ಮನ ಕೈಯ ಸೊಪ್ಪು ಕೈಯಲ್ಲೇ ಉಳಿಯಿತು. ಎಡ ಎದೆಯ ಮೇಲ್ಗಡೆ ಅಡಕೆಯಷ್ಟು ಗಂಟನ್ನು ಚಿಕ್ಕತಾಯಿ ಎಂಟು ತಿಂಗಳು ಗಂಡನಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಳು. ಗಟ್ಟಿ, ಕಲ್ಲಿನ ಹಾಗೆ. ಮೇಲಿನ ಚರ್ಮ ಒಳಕ್ಕೆ ಸೆಳೆದುಕೊಂಡಿತ್ತು. ಹಬ್ಬದ ದಿನ ಎಣ್ಣೆ ಹಚ್ಚಿ ಮೀಯಿಸುವಾಗ ಅದು ಕೈಗೆ ಸಿಕ್ಕಾಗ ಬೈದು ಬುದ್ಧಿ ಹೇಳಿ ಪೆಟ್ಟಿಗೆಗೆ ಕಳಿಸಿದವಳು ಹೊಂಬಾಳಮ್ಮನೇ. "ಮದ್ಲು ಯಂತ್ರ ನೋಡ್ತದೆ, ಆಮ್ಯಾಲೆ ನಮ್ಮಂತೋರು ಕಣ್ಣಿಟ್ಟು ನೋಡ್ತೀವಿ. ತಪ್ಪಾಗಕ್ಕಿಲ್ಲ, ಹೋಗು" ಎಂದಿದ್ದಳು.

ಈಗ ಸಮಾಧಾನದ ಮಾತು ಬರಬೇಕಿತ್ತು. ಬಂದದ್ದು ಬೇರೆ.

"ಈ ಸಲ ನೀನು ಹುಳುಮನೆ ಒಳಕ್ಕೆ ಬರ್ಬೇಡ ಕಣವ್ವ. ಹುಳ ಇನ್ನೂ ಎಳೇವು."

ಚಿಕ್ಕತಾಯಿಯ ಒಂದು ಕಾಲು ಆಗಲೇ ಹೊಸಿಲೊಳಗಿತ್ತು. ಅವಳು ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಕುಕ್ಕೆಯನ್ನು ಹೊಸಿಲ ಹೊರಗೇ ಇಳಿಸಿ, ಸೆರಗನ್ನು ಎದೆಯ ಮೇಲೆ ಇನ್ನೊಂದು ಸುತ್ತು ಎಳೆದುಕೊಂಡಳು. ಬೋರಲಿಂಗ ಅತ್ತಿಗೆಯ ಮುಖ ನೋಡಿ, ಹೆಂಡತಿಯ ಜೊತೆ ಹಿಂತಿರುಗಿದ.

ಮನುಷ್ಯರ ಕ್ಯಾನ್ಸರು ಹುಳುವಿಗೆ ಅಂಟುವುದಿಲ್ಲ ಎಂದು ಹೊಂಬಾಳಮ್ಮನಿಗೆ ಗೊತ್ತಿರಲಿಲ್ಲವೇ? ಇಡೀ ಊರಿಗೆ ಹೇಳಿಕೊಡುವಷ್ಟು ಗೊತ್ತಿತ್ತು. ಆದರೆ ಒಂದು ಚಿಟ್ಟೆಯಲ್ಲಿ ಗಂಟುರೋಗ ಕಂಡರೆ ತಂಡವನ್ನೇ ಬೇರೆ ಮಾಡಿ ಸುಡುವುದನ್ನು ಇಪ್ಪತ್ತಮೂರು ವರ್ಷ ಮಾಡಿದ ನಾಲಿಗೆ ಅದು. ತಲೆಗೆ ಗೊತ್ತಿರುವುದನ್ನು ಕೇಳದೆ ತಾನೇ ಮಾತಾಡಿಬಿಟ್ಟಿತ್ತು. ಆಡಿದ್ದನ್ನು ನುಂಗಿಕೊಳ್ಳಲು ಅವಳಿಗೆ ಆಗಲೂ ಸಮಯವಿತ್ತು. ಗಂಡ ಹೆಂಡತಿ ಹುಣಿಸೇಮರದ ತನಕ ನಡೆದುಹೋಗುವವರೆಗೂ ಇತ್ತು. ಅವಳು ಸೊಪ್ಪು ಹಾಕುತ್ತ ನಿಂತಳು.

ಬುಧವಾರ ಸಂಜೆ ಚಿಕ್ಕತಾಯಿ ಜಿಲ್ಲೆಯಿಂದ ಬಂದವಳು ಹುಳುಮನೆಯ ಹತ್ತಿರ ಸುಳಿಯದೆ, ಜಗಲಿಯಲ್ಲಿ ಕೂತು ಹೊಂಬಾಳಮ್ಮನನ್ನು ಹೊರಗೆ ಕರೆದಳು. ಕೈಯಲ್ಲಿ ಕೆಂಪು ಅಂಚಿನ ಕಾಗದ.

"ಸೋಮವಾರ ಆಪರೇಶನ್ನಂತೆ. ಪೂರ್ತಿ ತೆಗೆದ್ಬಿಡ್ತಾರಂತೆ ಅಕ್ಕ" ಎಂದು ತಲೆ ತಗ್ಗಿಸಿದಳು. "ನಮ್ಮೆಜಮಾನ್ರು ಕಣ್ಣು ಕಣ್ಣು ಬಿಟ್ಕಂಡು ಕೂತವ್ರೆ. ಮುದ್ದೆ ತಿರುವೋದು ಹೆಂಗೆ ಅಂತ ಹೇಳ್ಕೊಡ್ತಾ ಇವ್ನಿ. ನಿನ್ನೆ ತಿರುವಿದ್ದು ಗೋಡೆಗೆ ಹೊಡುದ್ರೆ ಗೋಡೇನೇ ಬೀಳ್ತಿತ್ತು." ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. "ಸಣ್ಣಕ್ಷರ ಕಾಣಾಕಿಲ್ಲ. ಏನ್ ಬರ್ದವ್ರೆ ಓದಕ್ಕ. ನಿನಗಾದ್ರೆ ಎಲ್ಲಾ ತಿಳೀತದೆ."

ಹೊಂಬಾಳಮ್ಮ ಓದಿದಳು. ಗಂಟಿನ ಅಳತೆ. ಅಂಚು ಒಡ್ಡೊಡ್ಡು. ಚರ್ಮ ಸೆಳೆತವಿದೆ. ತೆಗೆದ ಚಿತ್ರ, ಸೋಮವಾರದ್ದು. ಯಂತ್ರದ ತೀರ್ಪು, ಕ್ಯಾನ್ಸರ್, ನೂರಕ್ಕೆ ತೊಂಬತ್ತಾರು. ಅದರ ಕೆಳಗೆ ಇನ್ನೊಂದು ಸಾಲಿತ್ತು. ಎರಡನೇ ಕಣ್ಣು ೧೭, ಸಮ್ಮತಿ, ಮಧ್ಯಾಹ್ನ ೩:೨೦.

ಅಲ್ಲಿಗೆ ಬಂದು ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದಳು.

"ಅಷ್ಟೇನಾ?" ಎಂದಳು ಚಿಕ್ಕತಾಯಿ. "ಕೆಳಗೆ ಇನ್ನೂ ಏನೋ ಐತಲ್ಲ."

"ಅದು ಆಫೀಸಿಂದು. ನಂಬರ್ರು."

"ನಿಮ್ಮ ಪೈಕಿ ಯಾರೋ ಒಬ್ರು ನೋಡಿರ್ತಾರೆ, ಅಲ್ವಾ ಅಕ್ಕ? ಯಾರೋ ಏನೋ, ಪುಣ್ಯಾತ್ಗಿತ್ತಿ, ಸರಿಯಾಗಿ ನೋಡಿರ್ತಾಳೆ ಅಂತ ಧೈರ್ಯ ತಂದ್ಕಂಡಿವ್ನಿ."

"ಹೂಂ" ಎಂದಳು ಹೊಂಬಾಳಮ್ಮ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಆ ಸಾಲು ಒಳಗಡೆ ಬರುವ ಹಾಗೆ ಮಡಿಸಿ, ವಾಪಸು ಕೊಟ್ಟಳು.

ಗುರುವಾರ ಕೋಠಿಯ ಬಾಗಿಲು ತೆಗೆಯುವ ಮೊದಲೇ ಅವಳು ಹೋಗಿ ನಿಂತಿದ್ದಳು. ಒಮ್ಮೆ ನೋಡಿ ಮುಗಿಸಿದ ಚಿತ್ರವನ್ನು ಮತ್ತೆ ತೆಗೆಯಲು ಬರುತ್ತದೆ. ಯಾರೂ ತೆಗೆಯುವುದಿಲ್ಲ. ಸೋಮವಾರ ಮೂರು ಇಪ್ಪತ್ತರದ್ದನ್ನು ತೆಗೆದಾಗ ಮೇಲ್ಗಡೆ ಒಂದು ಸಾಲು ಮೂಡಿತು. ಮೊದಲ ನೋಟದ ಅವಧಿ, ನಾಲ್ಕು ಸೆಕೆಂಡು.

ಯಂತ್ರ ಅದನ್ನೂ ಬರೆದಿಟ್ಟುಕೊಂಡಿರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಯಶೋದಮ್ಮ ಬಂದು ಪಕ್ಕದಲ್ಲಿ ಕೂತಾಗ, ಆ ಸಾಲು ಕಾಣದಂತೆ ಪರದೆಯ ಮೇಲ್ಭಾಗಕ್ಕೆ ಅಂಗೈ ಅಡ್ಡ ಇಟ್ಟಳು.

ಹಾಗೆ ಕೈ ಅಡ್ಡವಿಟ್ಟುಕೊಂಡೇ ನೋಡತೊಡಗಿದಳು. ಹಿಂದೆ ಚಿಟ್ಟೆಯ ಹನಿಯನ್ನು ನೋಡುತ್ತಿದ್ದ ಹಾಗೆ, ಮೇಲಿನ ಎಡಮೂಲೆಯಿಂದ ಶುರುಮಾಡಿ, ಸಾಲು ಹಿಡಿದು, ಒಂದು ಅಂಗುಲವನ್ನೂ ಬಿಡದೆ. ಕ್ಯಾನ್ಸರಿನ ಚಿತ್ರದಲ್ಲಿ ಕೋಶದೊಳಗಿನ ಕಪ್ಪು ಬೀಜ ಒಂದು ದೊಡ್ಡದು, ಒಂದು ಸಣ್ಣದು, ಒಂದು ಸೊಟ್ಟ ಇರುತ್ತದೆ. ಕಲಿಸುವಾಗ ಡಾಕ್ಟರು, ಬೀಜದ ಮುಖ ನೋಡಿ ಎಂದು ನೂರು ಸಲ ಹೇಳಿದ್ದರು. ಇಲ್ಲಿ ಎಲ್ಲವೂ ಸಾಸಿವೆಯ ಹಾಗೆ ಸಣ್ಣವು, ದುಂಡನೆಯವು, ಒಂದೇ ಅಳತೆ. ಎರಡಾಗಿ ಒಡೆಯುತ್ತಿರುವ ಬೀಜ ಒಂದೂ ಇರಲಿಲ್ಲ. ಸುತ್ತಲೂ ಆ ರಾಗಿಹಿಟ್ಟಿನಂಥ ಪುಡಿ ತುಂಬಿದ ದೊಡ್ಡ ದೊಡ್ಡ ಕೋಶಗಳು. ಇಂಥದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ, ಇದು ಯಂತ್ರ ಹೇಳಿದ ಹಾಗಿಲ್ಲ. ಅಂದು ಮನಸ್ಸಿನ ಮೂಲೆಯಲ್ಲಿ ಮಿಸುಕಿದ್ದು ಇದೇ.

ಆದರೆ ತನ್ನ ಕಣ್ಣನ್ನೇ ಅವಳು ನಂಬದಾದಳು. ವಾರಗಿತ್ತಿ ಎಂದು ತಿಳಿದ ಮೇಲೆ ಕಾಣುತ್ತಿದೆಯೋ, ಇರುವುದೇ ಕಾಣುತ್ತಿದೆಯೋ? ಅನುಮಾನ ಒತ್ತಿದಳು. ಕಾರಣದ ಜಾಗದಲ್ಲಿ 'ಬೀಜ ಎಲ್ಲಾ ಒಂದೇ ಸಮ ಇದೆ' ಎಂದು ಬರೆದಳು. ಉತ್ತರ ಬರುವ ತನಕ ಕಾಯಲಾರದೆ, ಜಿಲ್ಲಾಸ್ಪತ್ರೆಯ ಡಾಕ್ಟರ್ ಶಾಹಿದಾ ಅವರಿಗೆ ಫೋನು ಹಚ್ಚಿ, ಇದು ತನ್ನ ವಾರಗಿತ್ತಿಯ ಚಿತ್ರ ಎಂದಳು. ಕೋಠಿಯ ಹೆಂಗಸರಿಗೆಲ್ಲ ಈ ಕೆಲಸ ಕಲಿಸಿದವರು ಆಕೆಯೇ.

ಆ ಕಡೆ ಡಾಕ್ಟರು ಚಿತ್ರ ತೆಗೆದು ನೋಡುವ ಸದ್ದು.

"ಹೊಂಬಾಳಮ್ಮ, ಇದಕ್ಕೆ ಸಮ್ಮತಿ ಕೊಟ್ಟವರೂ ಹದಿನೇಳೇ ಇದ್ದಾರಲ್ಲ?"

ಅವಳ ಅಂಗೈ ಮತ್ತೆ ಪರದೆಯ ಮೇಲ್ಭಾಗಕ್ಕೆ ಹೋಯಿತು.

"ನಾಲ್ಕು ಸೆಕೆಂಡು" ಎಂದರು ಡಾಕ್ಟರು. ಬೈದ ದನಿಯಲ್ಲ, ಓದಿದ ದನಿ.

"ಬಸ್ಸಿತ್ತು ಮೇಡಂ." ಅಂದ ಮೇಲೆ ಆ ಮಾತು ಎಷ್ಟು ಚಿಕ್ಕದು ಎಂದು ತಿಳಿದು ಹೊಂಬಾಳಮ್ಮ ಕಣ್ಣು ಮುಚ್ಚಿಕೊಂಡಳು.

"ನಾನು ಅದಕ್ಕಿಂತ ಹೆಚ್ಚೇನೂ ನೋಡಲಿಲ್ಲ. ಯಂತ್ರ ಹೇಳಿದೆ, ನೀವು ಒಪ್ಪಿದ್ದೀರಿ ಅಂತ ಸಹಿ ಹಾಕಿದೆ. ಅವತ್ತು ಇನ್ನೂರು ಸಹಿ." ಡಾಕ್ಟರು ಉಸಿರೆಳೆದುಕೊಂಡರು. "ಇದು ಬಹಳ ಅಪರೂಪದ ಗಂಟು ಇರಬಹುದು. ಹಾಲಿನ ನಾಳದಿಂದ ಬಂದದ್ದಲ್ಲ, ನರದ ಹೊದಿಕೆಯಿಂದ ಬೆಳೆಯುವಂಥದ್ದು. ಗಟ್ಟಿ ಇರತ್ತೆ, ಚರ್ಮ ಎಳಿಯತ್ತೆ, ಹೊರಗಿಂದ ಎಲ್ಲಾ ಕ್ಯಾನ್ಸರಿನ ವೇಷವೇ. ಆದರೆ ಕೊಲ್ಲೋದಿಲ್ಲ. ಯಂತ್ರಕ್ಕೆ ಕ್ಯಾನ್ಸರಿನ ಚಿತ್ರ ಲಕ್ಷಗಟ್ಟಲೆ ತೋರಿಸಿದ್ದೀವಿ, ಇಂಥದ್ದು ಬೆರಳೆಣಿಕೆಯಷ್ಟು. ಅದೇನು ಮಾಡೀತು, ಆಕಾರ ನೋಡಿ ಹೇಳಿಬಿಟ್ಟಿದೆ. ಅವರನ್ನು ನಾಳೆಯೇ ಕಳಿಸಿ. ದಪ್ಪ ಸೂಜಿಯಲ್ಲಿ ಒಂದು ಚೂರು ತೆಗೆದು, ನರದ ಕೋಶಕ್ಕೆ ಹಿಡಿಯುವ ಬಣ್ಣ ಹಾಕಿ ನೋಡೋಣ. ಕಂದು ಬಣ್ಣ ಹಿಡಿದರೆ ಸೋಮವಾರದ ಆಪರೇಶನ್ ಇಲ್ಲ."

ಬಣ್ಣ ಹಿಡಿಯಿತು. ಶನಿವಾರ ಮಧ್ಯಾಹ್ನ ಡಾಕ್ಟರೇ ಕೋಠಿಗೆ ಆ ಚಿತ್ರ ಕಳಿಸಿದರು. ಎಲ್ಲ ಕೋಶಗಳೂ ಕಾಫಿಪುಡಿಯ ಹಾಗೆ ಕಂದಾಗಿದ್ದವು. ಎದೆ ತೆಗೆಯಬೇಕಿಲ್ಲ. ಗಂಟನ್ನು, ಅದರ ಸುತ್ತ ಒಂದಿಷ್ಟು ಅಂಚನ್ನು ತೆಗೆದರೆ ಸಾಕು. ಹೆಂಗಸರೆಲ್ಲ ಹೊಂಬಾಳಮ್ಮನ ಹಿಂದೆ ಗುಂಪುಗೂಡಿ ನೋಡಿದರು. "ಯಂತ್ರದ ಕಿವಿ ಹಿಂಡ್ಬುಟ್ಯಲ್ಲೆ!" ಎಂದು ಯಶೋದಮ್ಮ ಅವಳ ಬೆನ್ನಿಗೆ ಗುದ್ದಿದಳು. ತಾಲ್ಲೂಕು ಕಚೇರಿಯಿಂದ ಫೋನು ಬಂತು. ಎರಡನೇ ಕಣ್ಣು ಯಾಕೆ ಬೇಕು ಎಂದು ಕೇಳುವವರಿಗೆ ಇದೇ ಉತ್ತರವಂತೆ, ವರದಿಯಲ್ಲಿ ಅವಳ ಹೆಸರು ಹಾಕುತ್ತಾರಂತೆ, ಒಂದು ಶಾಲು ಹೊದಿಸುತ್ತಾರಂತೆ.

ಸಂಜೆ ಡಾಕ್ಟರ್ ಶಾಹಿದಾ ಫೋನಿನಲ್ಲಿ ಕೇಳಿದರು: "ವರದಿಯಲ್ಲಿ ಅನುಮಾನ ಒತ್ತಿದ್ದು ಮಾತ್ರ ಇದೆ, ಹೊಂಬಾಳಮ್ಮ. ಮೊದಲು ಸಮ್ಮತಿ ಒತ್ತಿದ್ದು ಇಲ್ಲ. ಏನು ಮಾಡೋಣ?"

"ನೀವು ಹೆಂಗಂದ್ರೆ ಹಂಗೆ ಮೇಡಂ" ಎಂದಳು.

ಡಾಕ್ಟರು ಹೇಳಿದರು: "ನಾನು ಬರೀತೀನಿ. ನನ್ನ ಸಹಿಯದ್ದೂ ಸೇರಿಸಿ ಬರೀತೀನಿ. ಶಾಲಿನ ಮಾತು ಅಲ್ಲಿಗೆ ಮುಗಿಯತ್ತೆ. ಆದರೆ ಮನೆಯಲ್ಲಿ ಹೇಳೋದು ನನ್ನ ಕೆಲಸ ಅಲ್ಲ."

ಮನೆಯಲ್ಲಿ ಹೇಳಲು ಒಂದು ವಾರ ಆಯಿತು. ಹೇಳಬೇಕೆಂದು ಆಸ್ಪತ್ರೆಗೆ ಹೋದಳು. ಅಲ್ಲಿ ಗಂಟು ತೆಗೆಸಿಕೊಂಡು ಮಲಗಿದ್ದ ಚಿಕ್ಕತಾಯಿ ಪಕ್ಕದ ಮಂಚದವಳಿಗೆ "ಇವ್ರೇ ನಮ್ಮಕ್ಕ, ನನ್ನ ಉಳಿಸ್ದೋರು" ಎಂದು ತೋರಿಸಿದಳು. ಹೊಂಬಾಳಮ್ಮ ತಂದಿದ್ದ ಕಿತ್ತಳೆಹಣ್ಣು ಸುಲಿದು, ನಾರು ಬಿಡಿಸಿ ಬಿಡಿಸಿ, ಮೂರು ಹಣ್ಣು ಮುಗಿಸಿ ವಾಪಸು ಬಂದಳು. ಬೋರಲಿಂಗ ಅವಳ ಮನೆಗೆ ಬಂದು, ಆಸ್ಪತ್ರೆಯ ಊಟಕ್ಕಿಂತ ತನ್ನ ಮುದ್ದೆಯೇ ಮೇಲೆಂದು ಹೆಂಡತಿ ಒಪ್ಪಿಕೊಂಡಳು ಎಂದು ಹೇಳಿ, ಇದ್ದಕ್ಕಿದ್ದಂತೆ ಬಗ್ಗಿ ಅತ್ತಿಗೆಯ ಕಾಲು ಮುಟ್ಟಿದ. ಅವಳು ಕಾಲನ್ನು ಸೀರೆಯೊಳಗೆ ಸೆಳೆದುಕೊಂಡಳು. ಬೈಸಿಕೊಳ್ಳುವುದು ಇದಕ್ಕಿಂತ ಹಗುರ ಎಂದು ಅವಳಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಹುಳು ನಾಲ್ಕನೆಯ ಜ್ವರವನ್ನೂ ಮುಗಿಸಿ, ಆರೇಳು ದಿನ ಬಿರುಮಳೆಯಂಥ ಸದ್ದು ಮಾಡುತ್ತ ಸೊಪ್ಪು ತಿಂದು, ಹಣ್ಣಾದವು. ಹಣ್ಣಾದ ಹುಳುವಿನ ಮೈ ಬೆಳಕಿಗೆ ಹಿಡಿದರೆ ದ್ರಾಕ್ಷಿಯ ಹಾಗೆ ಪಾರದರ್ಶಕವಾಗಿ ಕಾಣುತ್ತದೆ. ಅಂಥವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡಬೇಕು. ಕಾಯಿಹುಳುವನ್ನು ಬಿಟ್ಟರೆ ಗೂಡು ಕೆಡುತ್ತದೆ, ಹಣ್ಣುಹುಳುವನ್ನು ತಡೆದರೆ ನೂಲು ಪೋಲು. ಆ ಎರಡು ದಿನ ಎಷ್ಟು ಕೈಯಿದ್ದರೂ ಸಾಲದು.

ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ಹೊಂಬಾಳಮ್ಮ ಒಬ್ಬಳೇ ಆರಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಹಿಂದಿನ ದಿನ ಮನೆಗೆ ಬಂದಿದ್ದ ಚಿಕ್ಕತಾಯಿ. ರವಿಕೆಯೊಳಗೆ ಸಣ್ಣ ಪಟ್ಟಿ. ಹೊಸಿಲ ಆಚೆಯೇ ನಿಂತಿದ್ದಳು.

"ಬಾ ಒಳಕ್ಕೆ."

"ಬರಬೌದಾ?" ಎಂದಳು ಚಿಕ್ಕತಾಯಿ. ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ಕೇಳಿದ್ದು.

ಹೊಂಬಾಳಮ್ಮ ಕೈಯಲ್ಲಿದ್ದ ಹುಳುವನ್ನು ತಟ್ಟೆಗೆ ಬಿಟ್ಟಳು.

"ಚಿಕ್ಕತಾಯಿ, ಆ ಕಾಗದದಾಗೆ ಕಡೇ ಸಾಲು ನಾನು ಓದ್ಲಿಲ್ಲ. ಹದಿನೇಳು ಅಂತಿತ್ತು. ಹದಿನೇಳು ಅಂದ್ರೆ ನಾನು. ಯಂತ್ರ ಕ್ಯಾನ್ಸರು ಅಂದಿದ್ದಕ್ಕೆ ಹೌದು ಅಂತ ಮದ್ಲು ಒತ್ತಿದ್ದು ನಾನೇ ಕಣವ್ವ. ಬಸ್ಸು ತಪ್ಪೋದದು ಅಂತ. ನಾಲ್ಕೇ ಸೆಕೆಂಡು ನೋಡಿ ಒತ್ತಿದ್ದು. ನಿನ್ನ ಕಾಗದ ಕಂಡಿದ್ದಕ್ಕೆ ಮತ್ತೆ ನೋಡ್ದೆ. ಬೇರೆ ಯಾರದ್ದಾದ್ರೂ ಆಗಿದ್ರೆ... ಒತ್ತಿದ್ದು ಒತ್ತಿ, ಬಂದು ನಿನ್ನ ಹೊಸಿಲ ಆಚೆ ನಿಲ್ಲಿಸ್ದೆ."

ಚಿಕ್ಕತಾಯಿಯ ಕೈ ತಾನಾಗಿ ಎಡ ಎದೆಯ ಪಟ್ಟಿಯ ಮೇಲೆ ಹೋಗಿ ಕೂತಿತು.

"ಪೂರ್ತಿ ತೆಗೆದ್ಬಿಡೋರು" ಎಂದಳು, ತನಗೆ ತಾನೇ ಎಂಬಂತೆ. "ಸೋಮವಾರ."

"ಹೂಂ."

"ನಾಲ್ಕು ಸೆಕೆಂಡು ಅಂದ್ರೆ ಎಷ್ಟೊತ್ತಕ್ಕ?"

ಚಿಕ್ಕತಾಯಿ ಹೊಸಿಲು ದಾಟಿ ಒಳಗೆ ಬಂದಳು. ತಟ್ಟೆಗೆ ಬಗ್ಗಿ ಒಂದು ಹುಳು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದಳು. ಎಂದಿನಂತೆ ಎರಡು ಬೆರಳಲ್ಲಿ, ನೋಯಿಸದೆ, ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು ತಿರುಗಿಸಿದಳು. ಬಾಯಲ್ಲೇ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ಎಣಿಕೆ ನಿಂತಿತು. ಹುಳುವನ್ನು ಇನ್ನೂ ನೋಡುತ್ತಲೇ ಇದ್ದಳು.

"ಒಂದು ಹುಳ ಹಣ್ಣೋ ಕಾಯೋ ನೋಡಾಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕಲ್ಲ ಅಕ್ಕ."

ಅಷ್ಟು ಹೇಳಿ ಅವಳು ಆ ಹುಳುವನ್ನು ಚಂದ್ರಂಕಿಗೆ ಬಿಟ್ಟಳು. ಮತ್ತೆ ಬಗ್ಗಿ ಇನ್ನೊಂದನ್ನು ಎತ್ತಿದಳು. ಇಪ್ಪತ್ತು ವರ್ಷ ಎದುರು ನಿಂತು ಕೆಲಸ ಮಾಡಿದವಳು, ಇಂದು ಕಿಟಕಿಯ ಕಡೆ ಮುಖ ಮಾಡಿ, ಹೊಂಬಾಳಮ್ಮನಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹೋಗಲಿಲ್ಲ.

ಮಧ್ಯಾಹ್ನದ ತನಕ ಹಾಗೇ ನಡೆಯಿತು. ಒಂದು ತಟ್ಟೆ ಮುಗಿಯುವ ಹೊತ್ತಿಗೆ ಚಿಕ್ಕತಾಯಿ ತಿರುಗದೆಯೇ, ಭುಜದ ಮೇಲಿಂದ ಹಿಂದಕ್ಕೆ ಕೈ ಚಾಚಿದಳು. ಅಂಗೈಯಲ್ಲಿ ಒಂದು ಹುಳು.

"ಇದೇನು ನೋಡು. ನಂಗೆ ತಿಳೀತಿಲ್ಲ."

ಹೊಂಬಾಳಮ್ಮ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಕಣ್ಣು ಮಂಜಾಗಿತ್ತು. ಹುಳು ಹಣ್ಣಾಗಿರುವ ಹಾಗೂ ಕಂಡಿತು, ಇಲ್ಲದ ಹಾಗೂ ಕಂಡಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಂಗೂ ತಿಳೀತಿಲ್ಲ ಕಣವ್ವ" ಎಂದಳು. "ತಾಳು, ಇನ್ನೊಂದ್ಸಲ ನೋಡ್ತೀನಿ."